ಯುವರಾಜನ ಹೆಂಡತಿಗೆ ಉಡಿ ತುಂಬಿದವರು

ಅನೂ, ಕಿರಣಾ,

ನಿನ್ನೆ ಸಂಜೆ ಅನು ಜಗಲಿಯ ಮೇಲೆ ಕೂತು ಸಮಾಜ ವಿಜ್ಞಾನದ ಪ್ರಶ್ನೋತ್ತರ ಬಾಯಿಪಾಠ ಮಾಡುತ್ತಿದ್ದಳು. ಮೊದಲನೆಯ ಮಹಾಯುದ್ಧಕ್ಕೆ ತಕ್ಷಣದ ಕಾರಣವೇನು? ಆಸ್ಟ್ರಿಯಾದ ಯುವರಾಜನ ಹತ್ಯೆ. ಅದೊಂದೇ ಸಾಲನ್ನು ತಲೆ ಅಲ್ಲಾಡಿಸುತ್ತ ಮತ್ತೆ ಮತ್ತೆ ಹೇಳುತ್ತಿದ್ದಾಗಲೇ ಬಸವಾಪಟ್ಟಣದ ದೊಡ್ಡಜ್ಜನ ಮನೆಯಿಂದ ನಿಮ್ಮಪ್ಪನಿಗೆ ಫೋನು ಬಂತು. ಹೊಸ ಮನೆ ಕಟ್ಟಿದ್ದಾರೆ. ಗೃಹಪ್ರವೇಶದ ದಿನ ದೇವರ ಪೆಟ್ಟಿಗೆ ಹೊತ್ತು ಮೊದಲು ಹೊಸ್ತಿಲು ದಾಟುವುದಕ್ಕೆ ವಂಶದ ಗಂಡು ಹುಡುಗ ಬೇಕು. ಅವರ ಮಗನಿಗೆ ಇಬ್ಬರೂ ಹೆಣ್ಣುಮಕ್ಕಳು. "ಕಿರಣನ್ನ ಕರ್ಕೊಂಡು ನೀನು ಬಾರಪ್ಪ" ಎಂದರು. ಫೋನಿನ ಸದ್ದು ಜೋರಾಗಿತ್ತು, ಅಡುಗೆ ಮನೆಯವರೆಗೂ ಕೇಳಿಸಿತು. ನಿಮ್ಮಮ್ಮನ ಹೆಸರು ಬರುತ್ತದೇನೋ ಎಂದು ನಾನು ಕಿವಿಗೊಟ್ಟು ನಿಂತೇ ಇದ್ದೆ. ಬರಲಿಲ್ಲ. ಕಿರಣ ಮಾತ್ರ ಕುಣಿದಾಡಿದ. ರೇಷ್ಮೆ ಪಂಚೆ ಉಡಿಸುತ್ತಾರಂತೆ.

ನನಗೆ ಸಿಟ್ಟು ಬಂದರೆ ಮಾತು ಬರುವುದಿಲ್ಲ, ಅದು ನಿಮಗೂ ಗೊತ್ತು. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನೆಲ ನೋಡುತ್ತಿದ್ದೆ. ನಾಲ್ಕು ಜನರ ಎದುರು ಈಗಲೂ ಹಾಗೇ. ಅದಕ್ಕೇ ನೀವಿಬ್ಬರೂ ಶಾಲೆಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಬರೆಯಲು ಕೂತಿದ್ದೇನೆ. ಹಬ್ಬಕ್ಕೆ ದೊಡ್ಡಜ್ಜನ ಮನೆಗೆ ಯಾಕೆ ಹೋಗುವುದಿಲ್ಲ ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ನಾನು ಏನೋ ಒಂದು ಹೇಳಿ ಜಾರಿಕೊಂಡಿದ್ದೇನೆ. ಅದನ್ನು ಸರಿಯಾಗಿ ಹೇಳಬೇಕೆಂದರೆ ಆ ಯುವರಾಜನ ಕಥೆಯನ್ನೂ ಹೇಳಬೇಕು. ಎರಡೂ ಒಂದೇ ವರ್ಷದಲ್ಲಿ ನನ್ನ ಹೊಟ್ಟೆ ಉರಿಸಿದ ಕಥೆಗಳು.

ನಿಮ್ಮಜ್ಜ ತೀರಿಕೊಂಡಾಗ ನಿಮ್ಮಪ್ಪ ಬಸವರಾಜ ಇನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದ. ನಾವಿಬ್ಬರೂ ಬಸವಾಪಟ್ಟಣದ ಕೂಡುಮನೆಯಲ್ಲೇ ಉಳಿದೆವು. ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಭಾವ, ಮನೆಯ ಯಜಮಾನರು. ಅವರ ಹೆಂಡತಿ ಶಾಂತಕ್ಕ ನನ್ನ ವಾರಗಿತ್ತಿ. ನನಗೆ ಹಿಂದಿನ ಪಡಸಾಲೆಯಲ್ಲಿ ಒಂದು ಮೂಲೆ, ಅಲ್ಲಿ ನನ್ನ ಹೊಲಿಗೆ ಮಷಿನ್ನು. ಊರಿನ ಅರ್ಧ ಹೆಂಗಸರ ರವಿಕೆ ಆ ಮೂಲೆಯಲ್ಲೇ ಹೊಲಿದಿದ್ದೇನೆ. ಅವರು ಊಟಕ್ಕೆ ಬಟ್ಟೆಗೆ ಕಡಿಮೆ ಮಾಡಿದವರಲ್ಲ. ಸುಳ್ಳು ಬರೆಯಬಾರದು.

ನಿಮ್ಮಪ್ಪ ದಾವಣಗೆರೆಯಲ್ಲಿ ಓದುವಾಗ ನಿಮ್ಮಮ್ಮ ಸುಧಾಳ ಪರಿಚಯವಾಯಿತು. ಅವಳು ಜಗಳೂರು ಕಡೆಯವಳು. ಅವಳ ತಂದೆ ಕಂಬಳಿ ನೇಯುತ್ತಿದ್ದರು. ಜಾತಿ ಬೇರೆ. ಮನೆಯಲ್ಲಿ ಕೂಗಾಟ ಆಗಲಿಲ್ಲ. ಭಾವನವರು ಕೂಗಾಡುವವರಲ್ಲ, ಮೆತ್ತಗೆ ಕೊಯ್ಯುವವರು. ನಾಲ್ಕು ಜನ ಹಿರಿಯರನ್ನು ಕರೆಸಿ ಪಡಸಾಲೆಯಲ್ಲಿ ಕೂರಿಸಿದರು.

"ಮದುವೆಗೆ ನಾನು ಅಡ್ಡ ಬರಂಗಿಲ್ಲ," ಎಂದರು. "ಆದ್ರೆ ಮನೆತನಕ್ಕೆ ಒಂದು ರೀತಿ ಐತೆ. ಆ ಹುಡುಗಿ ದೇವರ ಜಗಲಿ ಹತ್ರ ಬರಬಾರ್ದು. ಶುಭಕಾರ್ಯದಾಗೆ ಹೆಣ್ಮಕ್ಕಳ ಸಾಲಿನಾಗೆ ಕಡೇಗೆ ನಡೀಬೇಕು. ಅವಳ ಹೊಟ್ಟೇಲಿ ಹುಟ್ಟಿದ ಮಕ್ಳು ದೇವರ ಪೆಟ್ಟಿಗೆ ಹೊರಂಗಿಲ್ಲ. ಇಷ್ಟಕ್ಕೆ ಒಪ್ಪಿದ್ರೆ ಅಕ್ಷತೆ ಹಾಕಾಕೆ ನಾನೇ ಮುಂದೆ ಬರ್ತೀನಿ."

ನಿಮ್ಮಪ್ಪ "ಆತು ದೊಡ್ಡಪ್ಪ" ಎಂದ. ಅಷ್ಟೇ. ಮದುವೆ ಆಗಲಿ, ಆಮೇಲೆ ಎಲ್ಲ ಸರಿ ಹೋಗುತ್ತದೆ ಅಂದುಕೊಂಡಿದ್ದನಂತೆ. ನಾನು ಅಡುಗೆ ಮನೆಯ ಬಾಗಿಲ ಹಿಂದೆ ನಿಂತಿದ್ದೆ. ಗಂಡ ಇಲ್ಲದವಳು ಇಂಥ ಮಾತುಕತೆಯಲ್ಲಿ ಬಾಯಿ ಹಾಕುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದಿನ ಮುತ್ತೈದೆಯರು ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ ಹಾಕಿ ಉಡಿ ತುಂಬಬೇಕಲ್ಲ. ಶಾಂತಕ್ಕನಿಗೆ ಅವತ್ತೇ ಸೊಂಟ ಹಿಡಿದುಕೊಂಡಿತು. ಒಳಗೆ ಹೋಗಿ ಮಲಗಿದರು. ಹಿರಿಯಳೇ ಮಲಗಿದ ಮೇಲೆ ಉಳಿದವರು ಮುಂದೆ ಬರಲಿಲ್ಲ. ನಾನು ತುಂಬುವ ಹಾಗಿರಲಿಲ್ಲ. ಸುಧಾ ಹೊಸ್ತಿಲ ಮೇಲಿನ ಸೇರಕ್ಕಿಯನ್ನು ಬಲಗಾಲಿನಿಂದ ಸರಿಸಿ, ಖಾಲಿ ಸೆರಗನ್ನು ಹೊದ್ದುಕೊಂಡು ತಾನೇ ಒಳಗೆ ಬಂದಳು. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, "ಅತ್ತೆ, ನೀರು ಎಲ್ಲೈತೆ? ಬಾಯಾರಿಕೆ ಆಗೈತೆ" ಎಂದಳು.

ಮರುವರ್ಷ ಅವಳು ಊರ ಹೈಸ್ಕೂಲಿಗೇ ಟೀಚರಾಗಿ ಬಂದಳು. ನಾನು ಹೇಳಹೊರಟಿದ್ದು ಆ ವರ್ಷದ ಮಾತು. ಮೆಕ್ಕೆಜೋಳ ಚೆನ್ನಾಗಿ ಬಂದಿತ್ತು. ಡಾಂಬರು ರಸ್ತೆಯ ಒಂದು ಮಗ್ಗುಲಿಗೆ ಜೋಳ ಹರವಿದ್ದರಿಂದ ಚನ್ನಗಿರಿ ಬಸ್ಸು ಇನ್ನೊಂದು ಮಗ್ಗುಲಲ್ಲಿ ನಿಧಾನಕ್ಕೆ ಹೋಗಬೇಕಾಗಿತ್ತು. ಬೆಳಗಿನ ಮಂಜು ಏರುಬಿಸಿಲಾದರೂ ಗುಡ್ಡದ ಮೇಲೆ ಕೂತಿರುತ್ತಿತ್ತು. ಶಾಂತಕ್ಕನ ಮಗಳು ಪುಷ್ಪಾಳ ಮದುವೆ ಬೇಸಿಗೆಗೆ ಗೊತ್ತಾಗಿತ್ತು. ಮನೆ ತುಂಬ ಸೀರೆ, ರವಿಕೆ, ಶಾವಿಗೆ, ಸಂಡಿಗೆ.

ಸುಧಾಳ ಹತ್ತನೆಯ ತರಗತಿಯ ಮಕ್ಕಳಿಗೆ ಮಹಾಯುದ್ಧದ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಯುವರಾಜ ಯಾರು ಎಂದು ಕೇಳಿದರೆ ಒಬ್ಬ ಹುಡುಗ, "ಯುದ್ಧ ಶುರು ಮಾಡಾಕೆ ಸತ್ತೋನು ಮೇಡಂ" ಎಂದನಂತೆ. ಅವಳು ನಗುತ್ತಲೇ ಮನೆಗೆ ಬಂದಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು.

"ಅವನೂ ಬದುಕಿದ್ದ ಅತ್ತೆ. ಐವತ್ತು ವರ್ಷ ಬದುಕಿದ್ದ. ಪುಸ್ತಕದಾಗೆ ಸತ್ತಿದ್ದು ಮಾತ್ರ ಐತೆ. ಈ ಸಲ ವಾರ್ಷಿಕೋತ್ಸವಕ್ಕೆ ಅವನ ಬದುಕಿಂದೇ ನಾಟಕ ಮಾಡಿಸ್ತೀನಿ. ನೀವು ಬಟ್ಟೆ ಹೊಲಿದು ಕೊಡ್ಬೇಕು."

ಹೀಗೆ ಆ ಯುವರಾಜ ನನ್ನ ಮಷಿನ್ನಿನ ಹತ್ತಿರ ಬಂದ. ಅವನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಅನುವಿನ ಪುಸ್ತಕದಲ್ಲಿದೆ, ನೋಡಿಕೊಳ್ಳಿ. ಸಂಜೆ ಸುಧಾ ಮೆಟ್ಟಿಲ ಮೇಲೆ ಕೂತು ಲೈಬ್ರರಿ ಪುಸ್ತಕಗಳಿಂದ ಓದಿ ಹೇಳುತ್ತಿದ್ದಳು. ನಾನು ಪೆಡಲ್ಲು ತುಳಿಯುತ್ತ ಕೇಳುತ್ತಿದ್ದೆ.

ಅವನು ಹುಟ್ಟುವಾಗ ಯುವರಾಜನಲ್ಲ, ಚಕ್ರವರ್ತಿಯ ತಮ್ಮನ ಮಗ. ಚಕ್ರವರ್ತಿಯ ಸ್ವಂತ ಮಗ ತನ್ನ ಪ್ರಾಣ ತಾನೇ ಕಳೆದುಕೊಂಡ, ಆಮೇಲೆ ಇವನಪ್ಪನೂ ಸತ್ತ. ಪಟ್ಟದ ದಾರಿ ಇವನ ಬಾಗಿಲಿಗೆ ಬಂತು. ಹಾಗೆಂದು ಅರಮನೆಯವರಿಗೆ ಇವನ ಮೇಲೆ ಪ್ರೀತಿಯೇನೂ ಇರಲಿಲ್ಲ. ಶ್ವಾಸಕೋಶಕ್ಕೆ ಕ್ಷಯ ತಗುಲಿ ಹಾಸಿಗೆ ಹಿಡಿದಾಗ, ಇವನು ಇನ್ನೂ ಉಸಿರಾಡುತ್ತಿರುವಾಗಲೇ ಎಲ್ಲರೂ ಇವನ ತಮ್ಮನ ಸುತ್ತ ನೆರೆದರಂತೆ. ಆ ನೋವನ್ನು ಅವನು ಕಡೆಯವರೆಗೂ ಮರೆಯಲಿಲ್ಲ. ಮುಂಗೋಪಿ. ಬೇಟೆಯ ಹುಚ್ಚು ವಿಪರೀತ. ನಮ್ಮ ದೇಶಕ್ಕೂ ಬಂದು ಹುಲಿ ಹೊಡೆದು ಹೋದನಂತೆ. ಮನೆಯ ಗೋಡೆಯ ತುಂಬ ಜಿಂಕೆ ಕೊಂಬು. ಅದೇ ಮನುಷ್ಯ ಗುಲಾಬಿ ತೋಟ ಮಾಡಿ ಒಂದೊಂದು ಗಿಡದ ಹತ್ತಿರವೂ ನಿಲ್ಲುತ್ತಿದ್ದನಂತೆ. ಇದು ನನಗೆ ಆಶ್ಚರ್ಯವಾಗಲಿಲ್ಲ. ಹೂವಿನ ಗಿಡಕ್ಕೆ ನೀರು ಹಾಕಿ ಬಂದು ಹೆಂಡತಿಗೆ ಹೊಡೆಯುವವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಇವನು ಮಾತ್ರ ಹೆಂಡತಿಯನ್ನು ಕಣ್ಣಿನಲ್ಲಿಟ್ಟುಕೊಂಡಿದ್ದ.

ಆ ಹೆಂಡತಿಯ ಕಥೆಗೆ ಬಂದಾಗ ನನ್ನ ಕಾಲು ಪೆಡಲ್ಲಿನ ಮೇಲೆ ನಿಂತಿತು. ಇವನು ಒಂದು ದೊಡ್ಡ ಮನೆಗೆ ಆಗಾಗ ಚೆಂಡಾಟಕ್ಕೆ ಹೋಗುತ್ತಿದ್ದ. ನಮ್ಮ ಮಗಳನ್ನು ನೋಡಲು ಬರುತ್ತಾನೆ ಎಂದು ಆ ಮನೆಯ ಯಜಮಾನಿ ಹಿಗ್ಗಿದ್ದಳು. ಒಂದು ದಿನ ಆಟದ ಬಯಲಿನಲ್ಲಿ ಜೇಬಿನ ಗಡಿಯಾರ ಮರೆತು ಹೋದ. ಅವಳು ಮುಚ್ಚಳ ತೆರೆದು ನೋಡಿದರೆ ಒಳಗೆ ಸಂಬಳಕ್ಕೆ ಅವಳ ಜೊತೆಗಾತಿಯಾಗಿದ್ದ ಹುಡುಗಿಯ ಚಿತ್ರ. ಹುಡುಗಿಯ ಕೆಲಸ ಅವತ್ತಿಗೆ ಮುಗಿಯಿತು. ಯುವರಾಜ ಮದುವೆಯಾದರೆ ಅವಳನ್ನೇ ಎಂದು ಹಟ ಹಿಡಿದ. ಅವಳದೇನು ಬೀದಿಯ ಮನೆಯಲ್ಲ, ಹಳೆಯ ಜಮೀನ್ದಾರರ ಮಗಳು. ಆದರೂ ರಾಜರ ಸಮಕ್ಕೆ ಸಾಲದು. ವರ್ಷಗಟ್ಟಲೆ ಎಳೆದಾಡಿ ಕಡೆಗೆ ಚಕ್ರವರ್ತಿ ಒಪ್ಪಿದ. ಷರತ್ತಿನ ಮೇಲೆ. ಅವಳು ರಾಣಿಯಾಗುವ ಹಾಗಿಲ್ಲ. ಅವಳ ಮಕ್ಕಳಿಗೆ ಪಟ್ಟವಿಲ್ಲ. ಮಂತ್ರಿಗಳು, ಧರ್ಮಗುರುಗಳು, ರಾಜಮನೆತನದ ಗಂಡಸರು ಎಲ್ಲರ ಎದುರು ಇವನು ಆಣೆ ಮಾಡಿ ಸಹಿ ಹಾಕಿದ.

"ಹಾಕಿಬಿಟ್ನಾ?" ಎಂದೆ.

"ಹಾಕಿದ ಅತ್ತೆ."

"ಅಷ್ಟು ಹುಲಿ ಹೊಡೆದೋನು?"

ಸುಧಾ ಪುಸ್ತಕದಿಂದ ತಲೆ ಎತ್ತಲಿಲ್ಲ. ಹೊರಗೆ ನಿಮ್ಮಪ್ಪ ಸ್ಕೂಟರ್ ನಿಲ್ಲಿಸುತ್ತಿದ್ದ ಸದ್ದು ಕೇಳಿಸಿತು. ನಾನು ಮತ್ತೆ ಪೆಡಲ್ಲು ತುಳಿದೆ.

ಮದುವೆಗೆ ಅವನ ತಮ್ಮಂದಿರು ಬರಲಿಲ್ಲ. ಚಕ್ರವರ್ತಿಯೂ ಬರಲಿಲ್ಲ. ಬಂದವಳು ಮಲತಾಯಿ, ತನ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು. ಅರಮನೆಯ ಸಮಾರಂಭದಲ್ಲಿ ರಾಜಮನೆತನದ ಹೆಂಗಸರೆಲ್ಲ ಸಾಲಾಗಿ ಒಳಗೆ ಹೋಗಬೇಕಾದರೆ ಯುವರಾಜನ ಹೆಂಡತಿ ಎಲ್ಲರಿಗಿಂತ ಹಿಂದೆ. ಮೊನ್ನೆ ಮೊನ್ನೆ ದೊಡ್ಡವಳಾದ ಹುಡುಗಿಯೂ ಇವಳಿಗಿಂತ ಮುಂದೆ. ಗಂಡನ ತೋಳು ಹಿಡಿಯುವ ಹಾಗಿಲ್ಲ. ರಾಜರ ಗಾಡಿಯಲ್ಲಿ ಅವನ ಪಕ್ಕ ಕೂರುವ ಹಾಗಿಲ್ಲ. ಇದನ್ನೆಲ್ಲ ನಿಗಾ ಮಾಡಲು ಸಂಬಳ ಕೊಟ್ಟು ಒಬ್ಬ ದೊಡ್ಡ ಅಧಿಕಾರಿ ಇದ್ದ. ಮನುಷ್ಯರನ್ನು ಹಿಂದೆ ನಿಲ್ಲಿಸುವುದಕ್ಕೂ ಒಂದು ನೌಕರಿ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಅಧಿಕಾರಿಯ ಕೋಟಿಗೆಂದು ಕತ್ತರಿಸಿದ ಬಟ್ಟೆಯ ಎರಡೂ ತೋಳು ಎಡಗೈಯದೇ ಆಗಿಹೋದವು.

ಬಟ್ಟೆಯ ವಿಷಯ ಬಂತು, ಅದನ್ನೂ ಹೇಳುತ್ತೇನೆ. ಫೋಟೋ ನೋಡಿ ಯುವರಾಜನಿಗೆ ತಿಳಿನೀಲಿ ಕೋಟು ಹೊಲಿದಿದ್ದೆ. ಮೈಮೇಲೆ ಒಂದು ಸುಕ್ಕೂ ಕಾಣಬಾರದೆಂದು ಅವನು ಉಡುಪನ್ನು ತೊಟ್ಟ ಮೇಲೆ ಹೊಲಿಸಿಕೊಳ್ಳುತ್ತಿದ್ದ ಎಂದು ಜನ ಹೇಳುತ್ತಾರಂತೆ. ಗುಂಡು ಬಿದ್ದಾಗ ಬಿಚ್ಚಲು ಬಾರದೆ ಕತ್ತರಿಯಿಂದ ಕತ್ತರಿಸಿದರಂತೆ. ನಿಜವೋ ಸುಳ್ಳೋ. ನಾನು ಮಾತ್ರ ನಾಟಕದ ಹುಡುಗನಿಗೆ ಗುಂಡಿ ಇಟ್ಟು, ಮಗ್ಗುಲಿಗೆ ಎರಡು ಬೆರಳು ಸಡಿಲ ಬಿಟ್ಟು ಹೊಲಿದೆ. ಅಷ್ಟರಲ್ಲಿ ಹೆಡ್‌ಮಾಸ್ತರು ಹೊನ್ನಾಳಿಯಿಂದ ನಾಟಕದ ಸಾಮಾನು ಬಾಡಿಗೆಗೆ ತಂದರು. ಅಲ್ಲಿದ್ದದ್ದು ದುರ್ಯೋಧನನ ಕಿರೀಟ, ಭುಜಕೀರ್ತಿ, ಒಂದು ಗದೆ.

"ಸಾರ್, ಆಸ್ಟ್ರಿಯಾದಾಗೆ ಗದೆ ಹಿಡೀತಿರಲಿಲ್ಲ," ಎಂದಳು ಸುಧಾ.

"ಗದೆ ಬ್ಯಾಡಮ್ಮ, ಬಿಡು. ಕಿರೀಟ ಇಲ್ದಿದ್ರೆ ಯುವರಾಜ ಅಂತ ಜನಕ್ಕೆ ಹೆಂಗೆ ಗೊತ್ತಾಗ್ಬೇಕು? ಬ್ಯಾಂಡ್‌ಸೆಟ್ಟಿನೋನು ಅಂದ್ಕೋತಾರೆ."

ಆ ಮಾತಿಗೆ ಸುಧಾ ಸೋತಳು. ಹುಡುಗ ತಿಳಿನೀಲಿ ಕೋಟಿನ ಮೇಲೆ ದುರ್ಯೋಧನನ ಕಿರೀಟ ಇಟ್ಟುಕೊಂಡೇ ರಂಗಕ್ಕೆ ಬಂದ. ಜನ ಚಪ್ಪಾಳೆ ಹೊಡೆದರು.

ಶಾಲೆಯ ಬಯಲಿನಲ್ಲಿ ಊರೇ ನೆರೆದಿತ್ತು. ನಮ್ಮ ಮನೆಯವರೆಲ್ಲ ಮುಂದಿನ ಜಮಖಾನೆಯ ಮೇಲೆ. ಹೆಂಡತಿಯ ಪಾತ್ರ ಮಾಡಿದ ಹುಡುಗಿ ಕಾವ್ಯ, ಹತ್ತನೆಯ ತರಗತಿಯವಳು, ನಾನು ಹೊಲಿದ ಬಿಳಿ ಲಂಗದಂಥ ಫ್ರಾಕು ತೊಟ್ಟಿದ್ದಳು. ಆಣೆ ಮಾಡಿಸುವ ದೃಶ್ಯಕ್ಕೇ ಹೆಂಗಸರು ಗುಸುಗುಸು ಶುರು ಮಾಡಿದರು. ಆಮೇಲೆ ಅರಮನೆಯ ದೃಶ್ಯ. ಹುಡುಗಿಯರು ಸಾಲಾಗಿ ನಿಂತರು. ಅಧಿಕಾರಿಯ ಪಾತ್ರದವನು ಕೋಲು ಕುಟ್ಟಿ, "ನೀನು ಈ ಮನೆತನಕ್ಕೆ ಸಮಾನಳಲ್ಲ. ಹಿಂದಕ್ಕೆ ನಡೆ," ಎಂದ. ಕಾವ್ಯ ತಲೆ ತಗ್ಗಿಸಿಕೊಂಡು ಒಬ್ಬೊಬ್ಬರನ್ನೇ ದಾಟಿ ಕಡೆಗೆ ಹೋಗಿ ನಿಂತಳು. ಚೆನ್ನಾಗಿ ಮಾಡಿದಳು ಹುಡುಗಿ.

ಆಗ ನಮ್ಮ ಶಾಂತಕ್ಕ ಎದ್ದು ನಿಂತರು. ಕಣ್ಣಲ್ಲಿ ನೀರು.

"ಲೇ ಕೋಲು ಹಿಡಿದೋನೆ," ಎಂದು ಕೂಗಿದರು. "ಕಟ್ಟಿಕೊಂಡ ಹೆಂಡ್ತಿನ್ನ ಹಿಂದೆ ನಿಲ್ಲಿಸ್ತೀಯಾ? ನಿಮ್ಮನೇಲಿ ಹೆಣ್ಮಕ್ಳು ಇಲ್ಲೇನು? ಯವ್ವಾ, ನೀನು ಮುಂದಕ್ಕೆ ಬಾ. ಅವರ ಮಾತು ಕೇಳ್ಬ್ಯಾಡ."

ಪಕ್ಕದವರು, "ಹೌದು ಬಾರವ್ವ ಮುಂದಕ್ಕೆ," ಎಂದರು. ಹುಡುಗಿಗೆ ಏನು ಮಾಡಬೇಕೋ ತಿಳಿಯಲಿಲ್ಲ, ಪರದೆಯ ಕಡೆ ನೋಡಿದಳು. ಅಷ್ಟರಲ್ಲಿ ಶಾಂತಕ್ಕ ಪುಷ್ಪಾಳನ್ನು ಮನೆಗೆ ಓಡಿಸಿದ್ದರು. ಮನೆ ಶಾಲೆಯ ಬೆನ್ನಿಗೇ ಇತ್ತಲ್ಲ. ಅವಳು ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಮದುವೆಗೆಂದು ತಂದಿಟ್ಟಿದ್ದ ರವಿಕೆ ಕಣ ಎಲ್ಲ ಹಿಡಿದು ಓಡಿಬಂದಳು. ನಾಲ್ಕೈದು ಹೆಂಗಸರು ರಂಗದ ಮೇಲೆ ಹತ್ತಿಯೇಬಿಟ್ಟರು. ಉಡಿ ತುಂಬಬೇಕೆಂದರೆ ಫ್ರಾಕಿಗೆ ಸೆರಗಿಲ್ಲ. ಯಾರದೋ ಹೆಗಲಿನ ಟವೆಲ್ಲು ಎಳೆದು ಹುಡುಗಿಯ ಸೊಂಟಕ್ಕೆ ಕಟ್ಟಿದರು. ಆಸ್ಟ್ರಿಯಾದ ಯುವರಾಜನ ಹೆಂಡತಿಗೆ ಅರಿಶಿನ ಕುಂಕುಮ ಹಚ್ಚಿ, ಬಸವಾಪಟ್ಟಣದ ಮುತ್ತೈದೆಯರು ಉಡಿ ತುಂಬಿದರು. ಯುವರಾಜ ಕಿರೀಟ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. "ನಿಂದೂ ಬಾಯಿ ಬಿದ್ದು ಹೋಗೈತೇನೋ," ಎಂದು ಶಾಂತಕ್ಕ ಅವನಿಗೂ ಒಂದು ಬಿಟ್ಟರು. ಜನ ನಕ್ಕರು, ಅತ್ತರು. ನಾಟಕ ಅಲ್ಲಿಗೇ ಮುಗಿದ ಹಾಗಾಯಿತು.

ನಾನು ನಗಲಿಲ್ಲ, ಮಕ್ಕಳೇ. ಪಕ್ಕದ ಪರದೆಯ ಸಂದಿಯಲ್ಲಿ ದೀಪದ ಸ್ವಿಚ್ಚಿನ ಹತ್ತಿರ ನಿಮ್ಮಮ್ಮ ನಿಂತಿದ್ದಳು. ಆ ಹೆಂಗಸರು ಅವಳನ್ನು ದಾಟಿಕೊಂಡೇ ರಂಗಕ್ಕೆ ಹತ್ತಿದ್ದರು, ದಾಟಿಕೊಂಡೇ ಇಳಿದರು. ತಟ್ಟೆಯಲ್ಲಿ ಅಕ್ಕಿ ಇನ್ನೂ ಉಳಿದಿತ್ತು. ಒಬ್ಬರಿಗೂ ಅವಳು ಕಾಣಲಿಲ್ಲ.

ಮನೆಗೆ ಬಂದು ಸುಧಾ ಸೀರೆ ಮಡಿಸುತ್ತ ಒಂದೇ ಮಾತು ಹೇಳಿದಳು. "ಅತ್ತೆ, ನಾನು ಬರೆದ ನಾಟಕದಾಗೆ ಉಡಿ ತುಂಬೋ ಸೀನೇ ಇರ್ಲಿಲ್ಲ."

ಮರುದಿನ ರೊಟ್ಟಿ ಬಡಿಯುತ್ತ ಶಾಂತಕ್ಕ, "ಎಂಥ ಜನನೋ ಅವರು ಗಿರಿಜಾ. ಕಲ್ಲು ಮನಸ್ಸು. ನಂಗೆ ಊಟ ಸೇರ್ಲಿಲ್ಲ," ಎಂದರು. ನನ್ನ ಕೈಯ ಹಿಟ್ಟು ಕೈಯಲ್ಲೇ ಇತ್ತು. ಅವರು ಕಪಟಿಯಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿದ್ದು. ಅವರ ಅಳು ನಿಜವಾದ ಅಳು. ಸಮುದ್ರದಾಚೆ ಯಾವಳಿಗೋ ನೂರು ವರ್ಷದ ಹಿಂದೆ ಆದ ಅನ್ಯಾಯ ಕಂಡ ಕಣ್ಣಿಗೆ ತನ್ನ ಒಲೆಯ ಪಕ್ಕ ತರಕಾರಿ ಹೆಚ್ಚುತ್ತ ಕೂತವಳು ಕಾಣುವುದಿಲ್ಲ ಎಂದರೆ ಏನು ಹೇಳುವುದು?

ಬೇಸಿಗೆ ಬಂತು. ಪುಷ್ಪಾಳ ಮದುವೆ. ಅಷ್ಟರಲ್ಲಿ ಅನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದಳು. ಮದುವೆಯ ಹಿಂದಿನ ದಿನ ಗಂಗೆ ತರುವ ಶಾಸ್ತ್ರ. ಮನೆಯ ಹೆಂಗಸರು ಸಾಲಾಗಿ ಬಾವಿಗೆ ಹೋಗಿ, ಪೂಜೆ ಮಾಡಿ, ಕೊಡದಲ್ಲಿ ನೀರು ಹೊತ್ತು ಹಲಗೆ ವಾದ್ಯದ ಸದ್ದಿನೊಂದಿಗೆ ಹಿಂದಕ್ಕೆ ಬರುತ್ತಾರೆ. ಮುಂದೆ ಹಿರಿಯ ಸೊಸೆ, ಆಮೇಲೆ ಮನೆಯ ಉಳಿದ ಸೊಸೆಯರು, ಆಮೇಲೆ ಹೆಣ್ಣುಮಕ್ಕಳು, ಬೀಗರು, ಕಡೆಗೆ ಓಣಿಯವರು. ಅಂಗಳದಲ್ಲಿ ಹೊಸ ಸೀರೆಯವರು ತುಂಬಿಹೋಗಿದ್ದರು. ಸುಧಾ ಹಸಿರು ಸೀರೆ ಉಟ್ಟು ಬಂದು, ಸುಣ್ಣ ಬಳಿದ ಕೊಡಗಳ ಹತ್ತಿರ ಬಗ್ಗಿದಳು.

ಶಾಂತಕ್ಕ ಅವಳ ಕೈ ಹಿಡಿದರು. ಗದರಲಿಲ್ಲ. "ಸುಧಾ, ನೀನು ಕಡೇಗೆ ಬಾರವ್ವ, ಓಣಿಯವರ ಹಿಂದೆ. ಬಸುರಿ ಹೆಂಗಸು, ಕೊಡ ಯಾಕೆ ನಿಂಗೆ? ಮತ್ತೆ ಹಿರಿಯರ ಮುಂದೆ ಮಾತಾಗೈತೆ. ಬೇಜಾರು ಮಾಡ್ಕೋಬ್ಯಾಡ."

ಸುಧಾ ನಿಮ್ಮಪ್ಪನ ಕಡೆ ನೋಡಿದಳು. ಅವನು ಚಪ್ಪರದ ಕಂಬಕ್ಕೆ ಮಾವಿನ ತೋರಣ ಕಟ್ಟುತ್ತಿದ್ದ. ಕೇಳಿಸಿತ್ತು ಅವನಿಗೆ. ಗಂಟು ಹಾಕಿದ್ದನ್ನೇ ಮತ್ತೆ ಹಾಕುತ್ತ ನಿಂತ.

ನಾನು ಅಡುಗೆ ಮನೆಯಲ್ಲಿರಬೇಕಾದವಳು. ಇಂಥ ಹೊತ್ತಿನಲ್ಲಿ ಅಂಗಳಕ್ಕೆ ಬರುವ ಹಾಗಿಲ್ಲ. ಹೇಗೆ ಬಂದೆನೋ ನನಗೇ ಗೊತ್ತಿಲ್ಲ. ಕೈಯಲ್ಲಿ ಸೌಟಿತ್ತು. ಎಲ್ಲರೂ ತಿರುಗಿ ನೋಡಿದರು. ಆದರೂ ಮಾತು ಬಂತು.

"ಅಕ್ಕಾ, ಅವಳು ಯಾರ ಹೆಂಡ್ತಿ?"

"ಇದೇನು ಗಿರಿಜಾ, ಇಷ್ಟು ಜನದ ಮುಂದೆ."

"ಆ ಆಸ್ಟ್ರಿಯಾದೋಳು ನಿಮಗೆ ಏನಾಗ್ಬೇಕಿತ್ತು? ಅವಳಿಗೆ ಓಡಿಹೋಗಿ ಉಡಿ ತುಂಬಿದ್ರಿ. ಇವಳು ಮನೆಗೆ ಬಂದು ವರ್ಷದ ಮೇಲಾತು. ಇವಳ ಸೆರಗಿಗೆ ಒಂದು ಹಿಡಿ ಅಕ್ಕಿ ಹಾಕಾಕೆ ನಿಮ್ಮ ಕೈಯಾಗೆ ಆಗ್ಲಿಲ್ಲ. ಅವರನ್ನ ಎಂಥ ಜನ ಅಂದ್ರಿ. ನಾವು ಎಂಥ ಜನ ಅಕ್ಕಾ?"

ಶಾಂತಕ್ಕನ ಮುಖ ಕಪ್ಪಿಟ್ಟಿತು. ಹಲಗೆಯವರು ಬಡಿಯುವುದನ್ನು ನಿಲ್ಲಿಸಿದ್ದರು. ಭಾವನವರು ಜಗಲಿಯಿಂದ ಏಳದೆಯೇ ಹೇಳಿದರು. "ಗಿರಿಜಮ್ಮ, ಒಳಗೆ ಹೋಗು. ನಾಟಕ ಬೇರೆ, ಮನೆತನ ಬೇರೆ. ಈ ಮಾತಿಗೆ ನಿನ್ನ ಮಗನೇ ಒಪ್ಪಿದಾನೆ. ಬೇಕಾದ್ರೆ ಅವನನ್ನೇ ಕೇಳು."

ಎಲ್ಲರೂ ನಿಮ್ಮಪ್ಪನನ್ನು ನೋಡಿದರು. ಅವನು ತಲೆ ಎತ್ತಲಿಲ್ಲ.

ಹಲಗೆ ಮತ್ತೆ ಶುರುವಾಯಿತು. ಸಾಲು ಹೊರಟಿತು. ಸುಧಾ ಸಾಲಿನ ಕಡೆಗೂ ಹೋಗಲಿಲ್ಲ, ಒಳಗೂ ಹೋಗಲಿಲ್ಲ. "ಅತ್ತೆ, ಬಸ್ಸು ಎಷ್ಟೊತ್ತಿಗೈತೆ?" ಎಂದಳು. ನಾನು ಸೌಟು ಕೆಳಗಿಟ್ಟೆ. ಇಬ್ಬರೂ ಉಟ್ಟ ಬಟ್ಟೆಯಲ್ಲೇ ಹೊರಟೆವು. ಗಂಗೆಯ ಸಾಲು ಬಾವಿಯ ಕಡೆಗೆ, ನಾವು ಬಸ್ ಸ್ಟ್ಯಾಂಡಿನ ಕಡೆಗೆ. ನನ್ನ ಅಕ್ಕನ ಮನೆ ನ್ಯಾಮತಿಯಲ್ಲಿತ್ತು, ಅಲ್ಲಿಗೆ ಬಂದೆವು. ಬಂದವರಿಗೆ ಅಕ್ಕ ಏನೂ ಕೇಳದೆ ಮಜ್ಜಿಗೆ ಕೊಟ್ಟಳು. ಸುಧಾಳಿಗೆ ಉಡಿ ತುಂಬಿದ್ದೂ ಅವಳೇ, ಮರುದಿನ.

ನಿಮ್ಮಪ್ಪ ಮದುವೆಯ ಗಲಾಟೆ ಮುಗಿದ ಮೇಲೆ ಬಂದ. ಗಡ್ಡ ಬೆಳೆದಿತ್ತು. ಆಟೋದಲ್ಲಿ ನನ್ನ ಹೊಲಿಗೆ ಮಷಿನ್ನು. ಹೊಸ್ತಿಲ ಆಚೆಗೇ ನಿಂತು, "ಅದೇ ಹಿರಿಯರನ್ನ ಕರೆಸಿ ಮಾತು ವಾಪಸ್ ತಗೊಂಡು ಬಂದೆ. ದೊಡ್ಡಪ್ಪ ಮನೆಗೆ ಬರಬ್ಯಾಡ ಅಂದ್ರು," ಎಂದ. ಸುಧಾ ಬಾಗಿಲಿಗೆ ಬಂದಳು. "ಅಂಗಳದಾಗೆ ಒಂದು ಮಾತು ಆಡಿದ್ರೆ ಸಾಕಿತ್ತು," ಎಂದಳು. ಆಮೇಲೆ ಕಾಲಿಗೆ ನೀರು ಕೊಟ್ಟಳು. ಇದಕ್ಕಾಗಿ ನಿಮ್ಮಪ್ಪನನ್ನು ಕೀಳಾಗಿ ಕಾಣಬೇಡಿ. ತಡವಾಗಿಯಾದರೂ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ಆ ಯುವರಾಜನಿಗೆ ಅಷ್ಟೂ ಆಗಲಿಲ್ಲ. ಅವನು ಕೋಪ ಮಾಡಿಕೊಂಡ, ಹಲ್ಲು ಕಡಿದ, ಹೆಂಡತಿ ಮಕ್ಕಳನ್ನು ಕರೆದುಕೊಂಡು ದೂರದ ತನ್ನ ಮನೆಯಲ್ಲಿ ಸಂಸಾರ ಮಾಡಿದ. ಹಾಕಿದ ಸಹಿ ಹಾಗೇ ಉಳಿಯಿತು.

ಅವನ ಕೊನೆಯನ್ನು ಸುಧಾ ನಾಟಕದಲ್ಲಿ ತೋರಿಸಿರಲಿಲ್ಲ. ಇಲ್ಲಿ ನ್ಯಾಮತಿಗೆ ಬಂದ ಮೇಲೆ, ಅನುವಿನ ಬಾಣಂತನದಲ್ಲಿ, ಹೊರಗೆ ಮಳೆ ಹಿಡಿದು ಕೂತಿದ್ದಾಗ ಹೇಳಿದಳು. ರಾಜನ ಮನೆಯವನಾಗಿ ಹೋದರೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಾಗಿರಲಿಲ್ಲವಲ್ಲ. ಸೈನ್ಯದ ಕೆಲಸದ ಮೇಲೆ ಹೋದರೆ ಕೂರಿಸಿಕೊಳ್ಳಬಹುದಿತ್ತು. ಸರಾಯೆವೊ ಊರಿಗೆ ಅವನು ಹೋದದ್ದು ಸೈನ್ಯದ ಕೆಲಸದ ಮೇಲೆ. ಅವತ್ತು ತೆರೆದ ಕಾರಿನಲ್ಲಿ ಜನರೆಲ್ಲ ನೋಡುವ ಹಾಗೆ ಅವಳು ಗಂಡನ ಪಕ್ಕ ಕೂತಿದ್ದಳು. ಅಲ್ಲೇ ಗುಂಡು ಬಿತ್ತು, ಇಬ್ಬರಿಗೂ. ಮೂರು ಮಕ್ಕಳು ಅನಾಥರಾದರು.

ಇಷ್ಟಕ್ಕೇ ಬಿಡಲಿಲ್ಲ ಆ ಅರಮನೆಯವರು. ಶವಪೆಟ್ಟಿಗೆಗಳನ್ನು ತಂದು ಇಟ್ಟಾಗ ಅವನದನ್ನು ಎತ್ತರದಲ್ಲಿಟ್ಟು ಅವಳದನ್ನು ತಗ್ಗಿನಲ್ಲಿ ಇಟ್ಟರು. ಅವನ ಪೆಟ್ಟಿಗೆಯ ಮೇಲೆ ಕಿರೀಟ, ಕತ್ತಿ. ಅವಳ ಪೆಟ್ಟಿಗೆಯ ಮೇಲೆ ಒಂದು ಜೊತೆ ಬಿಳಿ ಕೈಗವಸು, ಒಂದು ಬೀಸಣಿಗೆ. ಇನ್ನೊಬ್ಬರ ಮನೆಯಲ್ಲಿ ಜೊತೆಗಾತಿಯಾಗಿದ್ದವಳಲ್ಲವೇ, ಅದನ್ನು ನೆನಪು ಮಾಡಿಕೊಟ್ಟರು ಎಂದು ಜನ ಆಡಿಕೊಂಡರಂತೆ. ರಾಜರ ಸಮಾಧಿಯಲ್ಲಿ ಅವಳಿಗೆ ಜಾಗ ಕೊಡುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಬೇರೆ ಊರಿನ ತನ್ನ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೆ ಜಾಗ ಮಾಡಿಸಿದ್ದ. ಇದನ್ನು ಕೇಳಿದಾಗ ಅನು ನನ್ನ ಕಾಲ ಮೇಲೆ ಮಲಗಿತ್ತು, ಎಣ್ಣೆ ತಿಕ್ಕುತ್ತಿದ್ದೆ. ಸತ್ತವಳಿಗೂ ಒಂದು ಮೆಟ್ಟಿಲು ಕೆಳಗೆ ಎಂದು ಅಳೆದು ಇಡುವ ಕೈ ಎಂಥದ್ದು ಎಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ಆದರೆ ಅಂಥ ಕೈ ಆ ದೇಶದಲ್ಲಿ ಮಾತ್ರ ಇಲ್ಲ.

ಇಷ್ಟೆಲ್ಲ ಆದ ಮೇಲೆ ನಿನ್ನೆಯ ಫೋನು. ಕಿರಣಾ, ನೀನು ಹುಟ್ಟುವ ಮೊದಲೇ ನಿನ್ನ ಕೈ ಆ ಪೆಟ್ಟಿಗೆ ಮುಟ್ಟಬಾರದು ಎಂದಿದ್ದರು. ಈಗ ಅವರಿಗೆ ಗಂಡು ಹುಡುಗ ಇಲ್ಲ, ಆದ್ದರಿಂದ ಅದೇ ಕೈ ಶುದ್ಧವಾಗಿದೆ. ನಿನ್ನನ್ನು ಹೆತ್ತವಳು ಮಾತ್ರ ಇನ್ನೂ ಶುದ್ಧವಾಗಿಲ್ಲ. ಯಾರಿಗೂ ಬೇಡವಾಗಿದ್ದ ಹುಡುಗನನ್ನು ತಮಗೆ ಬೇಕಾದಾಗ ಕರೆದು ಕೂರಿಸುತ್ತಾರೆ. ಇದನ್ನು ಮರ್ಯಾದೆ ಎಂದು ತಿಳಿಯಬೇಡ.

ನಿಮ್ಮಮ್ಮ ನಿನ್ನೆ ಉತ್ತರ ಪತ್ರಿಕೆ ತಿದ್ದುತ್ತ ಕೂತಳು. ಹೋಗಬೇಡ ಎಂದು ಅವಳು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ದೊಡ್ಡಜ್ಜ ಮುದುಕರಾಗಿದ್ದಾರೆ, ಶಾಂತಕ್ಕನಿಗೆ ಮಂಡಿ ಹಿಡಿದಿದೆ. ಅವರು ನಿಮ್ಮವರೇ. ಆದರೆ ಫೋನು ಮಾಡಬೇಕಾದವನು ನಿಮ್ಮಪ್ಪ ಅಲ್ಲ, ನೀನು. ಏಳನೆಯ ತರಗತಿಯಲ್ಲಿದ್ದೀಯ, ಮಾತು ಬರುತ್ತದೆ ನಿನಗೆ, ನನ್ನ ಹಾಗಲ್ಲ. "ನಮ್ಮಮ್ಮ ಸಾಲಿನಾಗೆ ಎಲ್ಲಿ ನಡೀತಾಳೆ ದೊಡ್ಡಜ್ಜ?" ಎಂದು ಕೇಳು. ಅವರು ಏನು ಹೇಳುತ್ತಾರೋ ಕೇಳಿಸಿಕೊಂಡು ಆಮೇಲೆ ಪಂಚೆಯ ವಿಚಾರ ಮಾಡು. ಅವಳನ್ನು ಮುಂದೆ ಕರೆದರೆ ಪೆಟ್ಟಿಗೆ ಹೊತ್ತು ಬಾ, ನಾನೇ ನಿನ್ನ ಅಂಗಿ ಹೊಲಿಯುತ್ತೇನೆ. ಇಲ್ಲವೆಂದರೆ ಫೋನು ಇಟ್ಟು ಆಡಲು ಹೋಗು.

ಅನೂ, ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವ ಹಾಗೇ ಬರೆ, ಅಂಕ ಕಳೆದುಕೊಳ್ಳಬೇಡ. ಈ ಹಾಳೆಗಳನ್ನು ಮಾತ್ರ ಓದಿ ಎಲ್ಲೋ ಎಸೆಯಬೇಡಿ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಆದರೂ ಇದರಲ್ಲಿ ನಿಮ್ಮಮ್ಮ ತನ್ನ ಬಾಯಿಂದ ಎಂದೂ ಹೇಳದ್ದು ಇದೆ. ಇರುವೆ, ಗೆದ್ದಲು, ಮಳೆಯ ಇರಚಲು ತಾಗದ ಕಡೆ ಇಬ್ಬರೂ ಸೇರಿ ಜೋಪಾನವಾಗಿ ಇಟ್ಟುಕೊಳ್ಳಿ. ನಾಳೆ ನಿಮ್ಮ ಮನೆಗೂ ಒಬ್ಬಳು ಬರುತ್ತಾಳೆ, ಒಬ್ಬ ಬರುತ್ತಾನೆ. ಆ ದಿನ ಬಾಗಿಲು ತೆರೆಯುವ ಮೊದಲು ಒಂದು ಸಲ ತೆಗೆದು ಓದಿ.